ಅರಿಶಿನದ ಬೆಲ್ಟು

ಲಕ್ಷ್ಮೀಕಾಂತನ ತೊಂದರೆ ಶುರುವಾದದ್ದು ಒಂದು ಫಾರಂನ ಹನ್ನೊಂದನೆಯ ಪ್ರಶ್ನೆಯಿಂದ.

ಅವನು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್. ವಯಸ್ಸು ನಲವತ್ತೊಂಬತ್ತು, ತೂಕ ಎಂಬತ್ತಾರು ಕಿಲೋ. ೨೦೧೫ರ ಜುಲೈ ತಿಂಗಳ ಒಂದು ಗುರುವಾರ ಕಂಪನಿ ನಲವತ್ತೈದು ದಾಟಿದ ಎಂಟು ಮಂದಿ ಮ್ಯಾನೇಜರುಗಳಿಗೆ ಎರಡು ಪುಟದ ಆರೋಗ್ಯ ಫಾರಂ ಹಂಚಿತು. ಯಾಕೆ ಎಂದು ಹೇಳಲಿಲ್ಲ. ಕಂಪನಿ ಹೇಳದೆ ಬಿಟ್ಟದ್ದನ್ನು ಪ್ರೊಡಕ್ಷನ್ ಮ್ಯಾನೇಜರ್ ನಾರಾಯಣ ಊಟದ ಹೊತ್ತಿಗೆ ಹೇಳಿ ಮುಗಿಸಿದ.

“ಇನ್ನೂ ಅರ್ಥ ಆಗ್ಲಿಲ್ವೇನಯ್ಯಾ? ಮುದುಕರನ್ನ ಸೋಸ್ತಾ ಇದಾರೆ. ಬಿಪಿ, ಶುಗರ್, ಮಂಡಿನೋವು ಅಂತ ಬರ್ಕೊಟ್ಟೋರಿಗೆಲ್ಲ ಡಿಸೆಂಬರ್‌ಗೆ ಟಿಕೆಟ್.”

“ಎಲ್ಲಿಗೆ ಟಿಕೆಟ್?”

“ಬೆಂಗಳೂರಿಗೆ. ಹೋಗೋಕೆ ಮಾತ್ರ. ಬರೋಕಿಲ್ಲ.”

ಲಕ್ಷ್ಮೀಕಾಂತ ತಿನ್ನುತ್ತಿದ್ದ ಚಪಾತಿಯನ್ನು ಡಬ್ಬಿಗೆ ವಾಪಸಿಟ್ಟ. ಅವನ ಕೆಲಸದ ಪರ್ಮಿಟ್ಟು ಕಂಪನಿಯ ಹೆಸರಿನ ಮೇಲಿತ್ತು. ಕೆಲಸ ಹೋದರೆ ಪರ್ಮಿಟ್ಟು ಹೋಗುತ್ತದೆ, ಅದರ ಹಿಂದೆಯೇ ಪಾರ್ಕ್‌ಲ್ಯಾಂಡ್ಸಿನ ಫ್ಲ್ಯಾಟೂ ಹೋಗುತ್ತದೆ. ಮಗಳು ನಿಹಾರಿಕಾಳ ಶಾಲೆಯ ಕೊನೆಯ ಪರೀಕ್ಷೆಗೆ ಇನ್ನೂ ಒಂದು ವರ್ಷ ಬಾಕಿ. ಆ ಒಂದು ವರ್ಷ ತಾನು, ಶಾಂತಾ, ಮಗಳು ಮೂವರೂ ಒಂದೇ ಮನೆಯಲ್ಲಿ ಇರಬೇಕು. ಅವನು ಈ ಪ್ರಪಂಚದಿಂದ ಕೇಳುತ್ತಿದ್ದದ್ದು ಇಷ್ಟೇ.

ಫಾರಂನ ಮೊದಲ ಹತ್ತು ಪ್ರಶ್ನೆಗಳಿಗೆ ಅವನು ನಿಜವನ್ನೇ ಬರೆದ. ಅದೃಷ್ಟಕ್ಕೆ ಅವನಿಗೆ ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ಹನ್ನೊಂದನೆಯದು ಹೀಗಿತ್ತು: ನೀವು ನಿಯಮಿತವಾಗಿ ಮಾಡುವ ಆಟ ಅಥವಾ ವ್ಯಾಯಾಮ ಯಾವುದು, ಎಂದಿನಿಂದ? ಅವನು ನಲವತ್ತು ನಿಮಿಷ ಆ ಪ್ರಶ್ನೆಯ ಮುಂದೆ ಕೂತ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಒಂದೇ ಒಂದು ಸುಳ್ಳು ದಾಖಲೆಯನ್ನೂ ಬರೆದವನಲ್ಲ. ಥರ್ಮಾಮೀಟರ್ ನೋಡುವ ಮೊದಲೇ ಉಷ್ಣಾಂಶ ಬರೆದಿಟ್ಟ ಕೆಮಿಸ್ಟನೊಬ್ಬನಿಗೆ ಅವನು ಎರಡು ಗಂಟೆ ಪಾಠ ಹೇಳಿದ್ದುಂಟು. ಈಗ ಅವನ ತಲೆಗೆ ಬಂದದ್ದು ಒಂದು ಸದ್ದು. ಪ್ರತಿ ಶನಿವಾರ ಮಧ್ಯಾಹ್ನ ಅವನು ಮಲಗಿದಾಗ ಫ್ಲ್ಯಾಟಿನ ಎದುರಿನ ಸಮುದಾಯ ಭವನದಿಂದ ಮೂವತ್ತು ಮಕ್ಕಳು ಒಟ್ಟಿಗೆ ಕಿರುಚುವ ಸದ್ದು.

‘ಕರಾಟೆ. ಜನವರಿಯಿಂದ. ವಾರಕ್ಕೊಮ್ಮೆ,’ ಎಂದು ಬರೆದು ಸಹಿ ಹಾಕಿದ.

ಶುಕ್ರವಾರ ಎಚ್‌ಆರ್ ವಿಭಾಗದ ಶರ್ಮಿಳಾ ಫೋನ್ ಮಾಡಿದಳು.

“ಸರ್, ಎಲ್ರೂ ವಾಕಿಂಗ್ ಅಂತ ಬರ್ದಿದಾರೆ, ನೀವೊಬ್ರೇ ಕರಾಟೆ. ಎಂಡಿ ಸರ್ ತುಂಬಾ ಖುಷಿಯಾಗಿದಾರೆ. ನಿಮ್ಮ ಮೇಷ್ಟ್ರ ಹತ್ರ ಒಂದು ಲೆಟರ್ ಬೇಕಂತೆ. ನಾಳೆ ಸಂಜೆ ಐದರೊಳಗೆ ತಂದ್ಬಿಡಿ ಸರ್. ಅವ್ರು ಆಫೀಸಲ್ಲೇ ಇರ್ತಾರೆ.”

ದಾಖಲೆ ಮೊದಲು ಆಗಿಹೋಗಿತ್ತು. ಈಗ ಅದಕ್ಕೆ ತಕ್ಕಂತೆ ಕೆಲಸ ಮಾಡುವುದೊಂದೇ ದಾರಿ. ಭವನದ ಗೋಡೆಯ ಮೇಲಿದ್ದ ನಂಬರಿಗೆ ಅವನು ಫೋನ್ ಮಾಡಿದ. ಕರಾಟೆ ಮೇಷ್ಟ್ರ ಹೆಸರು ಮುಟುವಾ. ವಾರದ ಐದು ದಿನ ಪ್ರೈಮರಿ ಶಾಲೆಯಲ್ಲಿ ಗಣಿತ ಕಲಿಸುವವರು. ಅವರ ಮಾತಿನಲ್ಲೂ ಹೆಚ್ಚುವರಿ ಅಂಕಿ ಒಂದೂ ಇರುತ್ತಿರಲಿಲ್ಲ.

“ನಾಳೆ ಎರಡು ಗಂಟೆಗೆ ಬನ್ನಿ. ಹೊಸಬರಿಗೆ ಬಿಳಿ ಬೆಲ್ಟು. ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಪೂರ್ತಿ ತರಗತಿ ಮುಗಿಸಿದರೆ ಪತ್ರ ಕೊಡುತ್ತೇನೆ. ಅರ್ಧಕ್ಕೆ ಎದ್ದುಹೋದವರಿಗೆ ಕೊಡುವುದಿಲ್ಲ.”

ಲಕ್ಷ್ಮೀಕಾಂತ ಅಂದು ಸಂಜೆಯೇ ಬಿಳಿ ಜಾಕೆಟ್ಟು, ಬಿಳಿ ಪ್ಯಾಂಟು, ಬಿಳಿ ಬೆಲ್ಟು ಕೊಂಡು ತಂದು ಮನೆಯಲ್ಲಿಟ್ಟ.

ಶನಿವಾರ ಕಾರ್ಖಾನೆ ಅರ್ಧ ದಿನ. ಜುಲೈ ನೈರೋಬಿಯಲ್ಲಿ ಚಳಿಗಾಲ. ಆಕಾಶ ಬೆಳಗಿನಿಂದ ತೊಳೆಯದ ಪಾತ್ರೆಯ ಹಾಗೆ ಮೇಲೆ ಕವುಚಿಕೊಂಡಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿ ಅವನು ಮನೆ ಸೇರಿದಾಗ ಒಂದು ಮುಕ್ಕಾಲು. ಹಾಲ್‌ನಲ್ಲಿ ಅವನ ಅತ್ತೆ ಕಮಲಾ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದರು. ಮೂರು ತಿಂಗಳಿದ್ದು ಹೋಗಲು ಮೈಸೂರಿನಿಂದ ಬಂದಿದ್ದ ಅವರು, ಬಂದ ದಿನದಿಂದ ಈ ಮನೆಯಲ್ಲಿ ತಪ್ಪಿಹೋಗಿರುವುದನ್ನೆಲ್ಲ ಒಂದೊಂದಾಗಿ ಸರಿಮಾಡುತ್ತಿದ್ದರು. ಇಸ್ತ್ರಿಪೆಟ್ಟಿಗೆಯ ಕೆಳಗಿದ್ದದ್ದು ಬೆಲ್ಟು. ಅದು ಹಳದಿಯಾಗಿತ್ತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಎಲ್ಲೂ ತಪ್ಪದ ಹಾಗೆ, ಹಳದಿ.

“ಅತ್ತೆ, ಇದೇನಾಯ್ತು?”

“ಏನಾಗ್ಲಿಲ್ಲ ಅಳಿಯಂದಿರೇ, ಆಗೋದನ್ನ ತಪ್ಸಿದೀನಿ. ಹೊಸಾ ಬಟ್ಟೆ, ಅದೂ ಬಿಳೀದು, ಒಂಚೂರು ಅರಿಶಿನ ಇಲ್ದೆ ಹಾಗೇ ತಂದಿಟ್ಟಿದೀರಲ್ಲ! ಅಂಥದ್ದನ್ನ ಮೈಮೇಲೆ ಹಾಕೋದು ಯಾವಾಗ ಅಂತ ಗೊತ್ತಿಲ್ವಾ ನಿಮಗೆ?”

ಯಾವಾಗ ಎಂದು ಅವನಿಗೆ ಗೊತ್ತಿತ್ತು. ಹೊಸ ಬಟ್ಟೆ ಉಡುವ ಮೊದಲು ಅದರ ಮೂಲೆಗೆ ಅರಿಶಿನ ಹಚ್ಚುವುದು ಅವನ ತಾಯಿಯೂ ಮಾಡುತ್ತಿದ್ದ ಕೆಲಸ. ಜಾಕೆಟ್ಟಿನ ಕಾಲರಿಗೆ, ಪ್ಯಾಂಟಿನ ಸೊಂಟಕ್ಕೆ ಕಮಲಾ ಒಂದೊಂದು ಬೊಟ್ಟು ಇಟ್ಟು ಬಿಟ್ಟಿದ್ದರು.

“ಅವೆರಡಕ್ಕೂ ಒಂದೇ ಬೊಟ್ಟು. ಬೆಲ್ಟಿಗ್ಯಾಕೆ ಹೀಗೆ?”

“ಅದಕ್ಕೆ ಮೂಲೆ ಯಾವುದು ಹೇಳಿ ನೋಡೋಣ,” ಎಂದರು ಕಮಲಾ. “ಉದ್ದಕ್ಕೆ ಹಾವಿನ ಥರ ಇದೆ. ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ನಂಗೇನ್ ಗೊತ್ತು? ಅದಕ್ಕೇ ನಿನ್ನೆ ರಾತ್ರಿ ಪೂರ್ತಿ ಅರಿಶಿನದ ನೀರಲ್ಲಿ ನೆನೆಹಾಕ್ಬಿಟ್ಟೆ. ಬಿಸಿಲಿಲ್ದೆ ಒಣಗ್ಲೇ ಇಲ್ಲ ಹಾಳಾದ್ದು.”

“ಹೊಸಬರು ಬಿಳಿ ಕಟ್ಕೋಬೇಕಂತೆ ಅತ್ತೆ.”

“ಹೊಸಬರಿಗೇ ಕಣ್ರೀ ಅರಿಶಿನ ಬೇಕಿರೋದು. ಹಳಬರು ಹೇಗೋ ಬದುಕ್ಕೋತಾರೆ.”

ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. ಆಮೇಲೆ ಗಡಿಯಾರ ನೋಡಿ, “ರೀ, ಹೊರಡಿ. ಲೆಟರ್ ಮುಖ್ಯ. ಬಣ್ಣ ಯಾರು ನೋಡ್ತಾರೆ?” ಎಂದಳು.

ಕರಾಟೆಯಲ್ಲಿ ಬಣ್ಣವನ್ನು ಬಿಟ್ಟು ಬೇರೇನನ್ನೂ ಮೊದಲು ನೋಡುವುದಿಲ್ಲ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭವನದ ಒಳಗೆ ಹೊರಗಿಗಿಂತ ಚಳಿ. ನೆಲಕ್ಕೆ ನೀಲಿ ಚಾಪೆಗಳು, ಗೋಡೆಯ ಉದ್ದಕ್ಕೆ ತಂದೆತಾಯಿಗಳು ಕೂರುವ ಬೆಂಚು. ಬೆಂಚಿನ ಮಧ್ಯದಲ್ಲಿ ಮೇಲಿನ ಮಹಡಿಯ ವಾಮನ ಕೂತಿದ್ದ. ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ವಾಮನ, ಊರಿನ ಕನ್ನಡಿಗರ ವಾಟ್ಸಾಪ್ ಗುಂಪು ನಡೆಸುವವನು. ಯಾರ ಮನೆಗೆ ಹೊಸ ಫ್ರಿಜ್ ಬಂದರೂ ಗುಂಪಿಗೆ ಮೊದಲ ಸುದ್ದಿ ಅವನದೇ. ಮಗಳು ಹರ್ಷಿತಾಳನ್ನು ತರಗತಿಗೆ ಕರೆತಂದಿದ್ದ.

“ಏನ್ರೀ ಲಕ್ಷ್ಮೀಕಾಂತ್ ಇದು! ಯೆಲ್ಲೋ ಬೆಲ್ಟ್! ಕೆಳಗಿನ ಮನೇಲೇ ಇದ್ಕೊಂಡು ಒಂದ್ ಮಾತು ಹೇಳ್ಲಿಲ್ವಲ್ಲ!”

“ಅಯ್ಯೋ, ಇದು ಅರಿಶಿನ…”

ಚಪ್ಪಾಳೆ ಕೇಳಿಸಿತು. ಮುಟುವಾ ಬಂದಿದ್ದರು. ಎತ್ತರದ ತೆಳ್ಳನೆಯ ಮನುಷ್ಯ, ಒಗೆದು ಒಗೆದು ಬೂದಿ ಬಣ್ಣಕ್ಕೆ ಬಂದ ಕಪ್ಪು ಬೆಲ್ಟು. ಮಕ್ಕಳೆಲ್ಲ ಕ್ಷಣದಲ್ಲಿ ಬಣ್ಣದ ಪ್ರಕಾರ ಸಾಲಾದರು. ಲಕ್ಷ್ಮೀಕಾಂತ ಕೊನೆಗೆ ಹೋಗಿ ನಿಂತು ಬಾಯಿ ತೆರೆಯುವಷ್ಟರಲ್ಲಿ ಹತ್ತು ವರ್ಷದ ಹರ್ಷಿತಾ ಅವನ ತೋಳು ಜಗ್ಗಿದಳು.

“ಅಂಕಲ್, ನೋ ಟಾಕಿಂಗ್ ಇನ್ ಲೈನ್. ಸೆನ್ಸೈ ಏನ್ ಕೇಳಿದ್ರೂ ಓನ್ಲಿ ‘ಓಸ್’. ಮೀನ್ಸ್ ‘ಯೆಸ್ ಸರ್’. ಓಕೆ?”

ನಿಯಮ ಎಂದರೆ ಲಕ್ಷ್ಮೀಕಾಂತನಿಗೆ ಭಕ್ತಿ. ಅವನು ಬಾಯಿ ಮುಚ್ಚಿದ.

ಮುಟುವಾ ಸಾಲಿನ ಉದ್ದಕ್ಕೆ ನಡೆದು ಬಂದು ಅವನ ಮುಂದೆ ನಿಂತರು. “ಫೋನ್ ಮಾಡಿದವರು ನೀವೇ?”

“ಓಸ್.”

“ಹೊಸಬರು ಎಂದುಕೊಂಡಿದ್ದೆ.”

“ಓಸ್.”

ಮುಟುವಾ ಬೆಲ್ಟು ನೋಡಿದರು. “ಈ ಹಳದಿ ಎಲ್ಲಿ ಸಿಕ್ಕಿತು?”

ಇದಕ್ಕೆ ‘ಓಸ್’ ಎನ್ನುವುದು ಹೇಗೆ ಎಂದು ಲಕ್ಷ್ಮೀಕಾಂತ ಯೋಚಿಸುತ್ತಿದ್ದಾಗ ಬೆಂಚಿನಿಂದ ಉತ್ತರ ಬಂತು. “ಬ್ಯಾಂಗಲೋರ್, ಸರ್! ಇಂಡಿಯಾ! ಅಲ್ಲಿ ಗಲ್ಲಿಗೊಂದು ಕರಾಟೆ ಕ್ಲಾಸು!” ವಾಮನ ನೆರೆಯವನಿಗೆ ಸಹಾಯ ಮಾಡಿದ ತೃಪ್ತಿಯಲ್ಲಿ ಬೆನ್ನು ಆನಿಸಿ ಕೂತ.

“ಸರಿ. ಹಾಗಾದರೆ ನಮಗೆ ಮಾತ್ರ ಹೊಸಬರು,” ಎಂದರು ಮುಟುವಾ. ಎಡಗಡೆಗೆ ಬಿಳಿಯ ಪುಟಾಣಿಗಳು, ಅವರಿಗೆ ನಿಲ್ಲುವ ಪಾಠ. ಬಲಗಡೆಗೆ ಬಣ್ಣದವರು, ಅವರಿಗೆ ಬೀಳಿಸುವ ಪಾಠ. ಒಬ್ಬರು ಕಾಲಿನಿಂದ ಎದುರಿನವರ ಪಾದ ಗುಡಿಸಬೇಕು, ಎದುರಿನವರು ಕಲಿತ ಹಾಗೆ ಬಿದ್ದು ಅಂಗೈಯಿಂದ ಚಾಪೆಗೆ ಬಡಿದು ಏಳಬೇಕು. ಹತ್ತು ಸಲ. ಆಮೇಲೆ ಸರದಿ ಬದಲು. ಹಳದಿಯವರಲ್ಲಿ ಹರ್ಷಿತಾ ಕೊನೆಯವಳು. ಅವಳಿಗೆ ಬೆಲ್ಟು ಸಿಕ್ಕಿ ಮೂರು ವಾರವಾಗಿತ್ತು. ಹೊಸದಾಗಿ ಬಂದವನಿಗೆ ಅವಳೇ ಜೋಡಿ.

ಲಕ್ಷ್ಮೀಕಾಂತ ತನ್ನ ಎದೆಯವರೆಗೂ ಬಾರದ ಹುಡುಗಿಗೆ ತಲೆಬಾಗಿ ವಂದಿಸಿದ.

“ರೆಡಿ, ಅಂಕಲ್?”

ಅವನು ಉತ್ತರ ಕೊಡುವ ಮೊದಲೇ ಭವನದ ಛಾವಣಿ ಅವನಿಗೆ ಕಾಣಿಸಿತು. ಛಾವಣಿಯಲ್ಲಿ ಆರು ಟ್ಯೂಬ್‌ಲೈಟುಗಳಿದ್ದವು, ಎರಡು ಕೆಟ್ಟಿದ್ದವು. ಬಿದ್ದ ಸದ್ದು ಲಾರಿಯಿಂದ ಜೋಳದ ಹಿಟ್ಟಿನ ಮೂಟೆ ಉರುಳಿಸಿದ ಹಾಗಿತ್ತು. ಎಡಗಡೆಯ ಪುಟಾಣಿಗಳೆಲ್ಲ ನಿಲ್ಲುವುದನ್ನು ಬಿಟ್ಟು ತಿರುಗಿ ನೋಡಿದವು.

“ಅಂಕಲ್, ಯೂ ಹ್ಯಾವ್ ಟು ಸ್ಲ್ಯಾಪ್ ದ ಮ್ಯಾಟ್,” ಎಂದಳು ಹರ್ಷಿತಾ ಕಾಳಜಿಯಿಂದ.

ಎರಡನೆಯ ಸಲ ಅವನು ಚಾಪೆಗೆ ಬಡಿದ, ಆದರೆ ಬೀಳುವ ಮೊದಲೇ ಬಡಿಯಲು ಬಗ್ಗಿದ್ದರಿಂದ ಮುಖ ಮೊದಲು ಬಂತು. ಮೂರನೆಯ ಸಲ ಬಲ ತೊಡೆಯೊಳಗೆ ಏನೋ ಹರಿದಂತಾಯಿತು. ನಾಲ್ಕನೆಯದಕ್ಕೆ ಅವನ ಉಸಿರು ಸೈಲೆನ್ಸರ್ ಕಳಚಿದ ಮಟಾಟು ವ್ಯಾನು ಏರು ಹತ್ತುವಂತೆ ಸದ್ದು ಮಾಡತೊಡಗಿತು.

“ಮೊಣಕಾಲು ಮಡಚ್ರೀ!” ವಾಮನ ಬೆಂಚಿನ ಮೇಲೆ ಎದ್ದು ನಿಂತಿದ್ದ. “ಲೆಫ್ಟಿಗೆ ಲೆಫ್ಟಿಗೆ! ಅಯ್ಯೋ, ಹೋಯ್ತು. ಪರ್ವಾಗಿಲ್ಲ, ಎದ್ದೇಳಿ, ನಾನು ವಿಡಿಯೋ ಮಾಡ್ತಾ ಇದೀನಿ! ಒಂಚೂರು ಈ ಕಡೆ ತಿರುಗಿ ಬೀಳಿ!”

ಪ್ರತಿ ಸಲವೂ ಲಕ್ಷ್ಮೀಕಾಂತ ಎದ್ದ. ಧೈರ್ಯದಿಂದ ಎದ್ದ ಎನ್ನಲಾಗದು. ಅರ್ಧಕ್ಕೆ ಬಿಟ್ಟರೆ ಪತ್ರವಿಲ್ಲ, ಪತ್ರವಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ನಿಹಾರಿಕಾ ಪರೀಕ್ಷೆಯ ವರ್ಷದಲ್ಲಿ ಶಾಲೆ ಬಿಡಬೇಕು. ಚಾಪೆಯ ಮೇಲೆ ಮಲಗಿ ನೋಡಿದರೆ ಈ ಸರಪಳಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಐದು, ಆರು, ಏಳು. ಎಂಟನೆಯ ಸಲ ಹರ್ಷಿತಾ ಕಾಲನ್ನು ನಿಧಾನವಾಗಿ ತಂದಳು, ಪಾಪ ಅನಿಸಿರಬೇಕು. ಅವನು ಅದು ಬರುವ ಮೊದಲೇ ಬಿದ್ದ.

ಒಂಬತ್ತನೆಯ ಸಲ ಎದ್ದಾಗ ಮುಟುವಾ ಪಕ್ಕದಲ್ಲಿದ್ದರು. ಅವರು ಚಾಪೆ ನೋಡುತ್ತಿದ್ದರು. ನೀಲಿ ಚಾಪೆಯ ತುಂಬ ಹಳದಿ ಗೆರೆಗಳು. ಬೆವರಿಗೆ ಬಣ್ಣ ಬಿಟ್ಟಿತ್ತು. ಲಕ್ಷ್ಮೀಕಾಂತನ ಪ್ಯಾಂಟು ಮೊಣಕಾಲಿನವರೆಗೆ ಹಳದಿಯಾಗಿತ್ತು, ಹರ್ಷಿತಾಳ ಪಾದವೂ ಹಳದಿಯಾಗಿತ್ತು. ಮುಟುವಾ ಬೆಲ್ಟಿನ ತುದಿಯನ್ನು ಬೆರಳುಗಳ ನಡುವೆ ಉಜ್ಜಿ ಮೂಸಿದರು.

“ಮಂಜಾನೊ?” ಎಂದು ಕೇಳಿದರು. ಸ್ವಾಹಿಲಿಯಲ್ಲಿ ಅರಿಶಿನಕ್ಕೆ ಹಾಗೆನ್ನುತ್ತಾರೆ. ಪಾರ್ಕ್‌ಲ್ಯಾಂಡ್ಸಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಆ ವಾಸನೆ ಹೊಸದಲ್ಲ.

“ಓಸ್,” ಎಂದ ಲಕ್ಷ್ಮೀಕಾಂತ.

“ಈಗ ಮಾತಾಡಬಹುದು.”

ಅವನು ಹೇಳಿದ. ಅತ್ತೆ, ಹೊಸ ಬಟ್ಟೆ, ಮೂಲೆ, ನೆನೆಹಾಕಿದ್ದು, ಬಿಸಿಲಿಲ್ಲದ್ದು ಎಲ್ಲ. ಫಾರಂನ ವಿಷಯ ಹೇಳಲಿಲ್ಲ. ಮುಟುವಾ ನಗಲಿಲ್ಲ. ನಕ್ಕಿದ್ದರೆ ಲಕ್ಷ್ಮೀಕಾಂತನಿಗೆ ಸಮಾಧಾನವಾಗುತ್ತಿತ್ತು.

“ಈ ಮಕ್ಕಳು ಆ ಬಣ್ಣಕ್ಕಾಗಿ ಒಂದು ವರ್ಷ ಬೆವರು ಸುರಿಸುತ್ತಾರೆ,” ಎಂದರು ಅವರು. “ನಿಮ್ಮ ಮನೆಯಲ್ಲಿ ಎಷ್ಟು ಹೊತ್ತು ಬೇಕಾಯಿತು?”

“ಒಂದು ರಾತ್ರಿ.”

“ಬಿಚ್ಚಿ.”

ಅವನು ಬಿಚ್ಚಿದ. ಮುಟುವಾ ಅದನ್ನು ಅಚ್ಚುಕಟ್ಟಾಗಿ ಸುತ್ತಿ ಬೆಂಚಿನ ಮೇಲಿಟ್ಟರು. ಉಳಿದ ಐವತ್ತು ನಿಮಿಷ ಲಕ್ಷ್ಮೀಕಾಂತ ಎಡಗಡೆಯ ಸಾಲಿನ ಕಟ್ಟಕಡೆಗೆ, ಹೋದ ವಾರ ಸೇರಿದ್ದ ಆರು ವರ್ಷದ ಚಿರಂತ್‌ನ ಹಿಂದೆ ನಿಂತ. ಬೆಲ್ಟಿಲ್ಲದ ಜಾಕೆಟ್ಟು ತೆರೆದುಕೊಳ್ಳದಂತೆ ಒಂದು ಕೈ ಹೊಟ್ಟೆಯ ಮೇಲೇ ಇತ್ತು. ಇನ್ನೊಂದು ಕೈಯಿಂದ ಗಾಳಿಗೆ ಗುದ್ದುತ್ತಿದ್ದ. “ಅಂಕಲ್, ರಾಂಗ್ ಲೆಗ್,” ಎಂದು ಚಿರಂತ್ ನಾಲ್ಕು ಸಲ ತಿರುಗಿ ಹೇಳಿದ. ನಾಲ್ಕು ಸಲವೂ ಹುಡುಗ ಹೇಳಿದ್ದು ಸರಿಯಿತ್ತು. ವಾಮನ ಇದನ್ನು ವಿಡಿಯೋ ಮಾಡಲಿಲ್ಲ. ಫೋನಿಗೆ ಬಗ್ಗಿ ಏನನ್ನೋ ಬರೆಯುವುದರಲ್ಲಿ ಮುಳುಗಿದ್ದ.

ಮೂರೂವರೆಗೆ ತರಗತಿ ಮುಗಿಯಿತು. ಲಕ್ಷ್ಮೀಕಾಂತ ಪೂರ್ತಿ ಮುಗಿಸಿದ್ದ. ಮುಟುವಾ ಮಾತಿಗೆ ತಪ್ಪದೆ ಸಂಸ್ಥೆಯ ಹಾಳೆ ತೆಗೆದು, ಗಣಿತದ ಮೇಷ್ಟ್ರ ಗುಂಡು ಅಕ್ಷರದಲ್ಲಿ ಪತ್ರ ಬರೆದು, ತಾರೀಖು ಹಾಕಿ, ಮುದ್ರೆ ಒತ್ತಿ ಕೊಟ್ಟರು. ಅದರಲ್ಲಿ ಮೂರು ವಾಕ್ಯಗಳಿದ್ದವು.

‘ಶ್ರೀ ಲಕ್ಷ್ಮೀಕಾಂತ ಅವರು ಇಂದು ನನ್ನ ತರಗತಿಗೆ ಬಂದಿದ್ದರು. ಒಂಬತ್ತು ಸಲ ಬಿದ್ದರು. ಒಂಬತ್ತು ಸಲ ಎದ್ದರು.’

“ಸರ್,” ಎಂದ ಲಕ್ಷ್ಮೀಕಾಂತ ಬಹಳ ಮೆತ್ತಗೆ, “‘ಜನವರಿಯಿಂದ’ ಅಂತ ಒಂದು ಪದ ಸೇರಿಸಲಿಕ್ಕೆ…”

“ಜನವರಿಯಲ್ಲಿ ನೀವು ಇಲ್ಲಿದ್ದಿರಾ?”

“ಇಲ್ಲ.”

“ನಾನಿದ್ದೆ,” ಎಂದರು ಮುಟುವಾ, ಪೆನ್ನಿನ ಮುಚ್ಚಳ ಹಾಕುತ್ತ.

ಅವನು ಪತ್ರ ಮಡಚಿಕೊಂಡ. ಅವರ ಜಾಗದಲ್ಲಿ ತಾನಿದ್ದರೂ ಇದೇ ಪತ್ರ ಬರೆಯುತ್ತಿದ್ದೆ ಎಂದು ಲಕ್ಷ್ಮೀಕಾಂತನಿಗೆ ಗೊತ್ತಿತ್ತು. ಅದು ಅವನ ದುಃಖವನ್ನು ಸ್ವಲ್ಪವೂ ಕಡಿಮೆ ಮಾಡಲಿಲ್ಲ.

ಕುಂಟುತ್ತ ಮನೆ ಸೇರಿದವನ ಬಲಗಾಲು ಬ್ರೇಕ್ ಒತ್ತುವ ಸ್ಥಿತಿಯಲ್ಲಿರಲಿಲ್ಲ. ಬಟ್ಟೆ ಬದಲಿಸೋಣವೆಂದರೆ ಕೈ ಭುಜಕ್ಕಿಂತ ಮೇಲೇಳಲಿಲ್ಲ. ಶಾಂತಾ ಜಾಕೆಟ್ಟಿನ ಮೇಲೆಯೇ ಆಫೀಸಿನ ಕೋಟು ಹಾಕಿ, ಆ್ಯಪಿನಲ್ಲಿ ಟ್ಯಾಕ್ಸಿ ಕರೆದು ಕೂರಿಸಿದಳು. ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ, ಹಳದಿ ಪ್ಯಾಂಟು ನೋಡಿ, “ಪೋಲೆ ಸಾನಾ,” ಎಂದ. ಬಹಳ ಬೇಸರವಾಯಿತು ಎಂಬರ್ಥದ ಆ ಮಾತನ್ನು ಇಲ್ಲಿ ಸಾವಿನ ಮನೆಯಲ್ಲೂ ಹೇಳುತ್ತಾರೆ. ಲಕ್ಷ್ಮೀಕಾಂತ ಅದನ್ನು ಎರಡೂ ಅರ್ಥದಲ್ಲಿ ಸ್ವೀಕರಿಸಿ “ಅಸಾಂಟೆ” ಎಂದು ಧನ್ಯವಾದ ಹೇಳಿದ.

ಜಾಮ್‌ನಲ್ಲಿ ನಿಂತಾಗ ಅವನು ಫೋನ್ ತೆರೆದ. ಕನ್ನಡಿಗರ ಗುಂಪಿನಲ್ಲಿ ನಲವತ್ತೊಂದು ಮೆಸೇಜು. ಎಲ್ಲಕ್ಕೂ ಮೇಲೆ ವಾಮನನ ವಿಡಿಯೋ. ‘ನಮ್ಮ ಲಕ್ಷ್ಮೀಕಾಂತ್! ಯೆಲ್ಲೋ ಬೆಲ್ಟ್! ಬೀಳ್ತಾರೆ, ಆದ್ರೆ ಬಿಡೋರಲ್ಲ!’ ಎಂದು ಅದಕ್ಕೊಂದು ಅಡಿಬರಹ. ವಾಮನ ಹಿಂದಿನಿಂದ ತೆಗೆದಿದ್ದ. ಲಕ್ಷ್ಮೀಕಾಂತನ ದೇಹದ ಅಗಲಕ್ಕೆ ಹರ್ಷಿತಾ ಪೂರ್ತಿ ಮರೆಯಾಗಿದ್ದಳು. ನೋಡುವವರಿಗೆ ಕಾಣುತ್ತಿದ್ದದ್ದು, ದಪ್ಪ ಮನುಷ್ಯನೊಬ್ಬ ಕಾಣದ ಯಾವುದೋ ಭೀಕರ ಶಕ್ತಿಗೆ ಸಿಕ್ಕಿ ಉರುಳುವುದು, ಎದ್ದು ಮತ್ತೆ ಅದರ ಮುಂದೆಯೇ ಹೋಗಿ ನಿಲ್ಲುವುದು. ‘ಎದುರಾಳಿ ಎಷ್ಟು ದಪ್ಪ ಇರಬೇಕು!’ ಎಂದು ಒಬ್ಬರು ಬರೆದಿದ್ದರು. ಉಳಿದವರು ಕೈಮುಗಿದಿದ್ದರು. ಕೊನೆಯಲ್ಲಿ ಅವನ ಕಂಪನಿಯ ಎಂಡಿ ದ್ವಾರಕಾನಾಥ್ ಅವರದು ಒಂದೇ ಪದ: ‘ನೋಡಿದೆ.’

ಆರು ತಿಂಗಳಿನಿಂದ ಕಲಿಯುತ್ತಿರುವವನು ಹೀಗೆ ಬೀಳುತ್ತಾನೆಯೇ ಎಂದು ಅವರು ಕೇಳುವುದು ಖಂಡಿತ. ಮೇಲೆ ಈ ಪತ್ರ. ಲಕ್ಷ್ಮೀಕಾಂತ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ತಪ್ಪಾಯಿತು ಸರ್. ಸಂಬಳ ಕಡಿಮೆ ಮಾಡಿ, ಹುದ್ದೆ ಇಳಿಸಿ, ಮಗಳ ಪರೀಕ್ಷೆ ಮುಗಿಯುವವರೆಗೆ ಒಂದು ವರ್ಷ ಮಾತ್ರ ಇಟ್ಟುಕೊಳ್ಳಿ.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ. ಎಂಡಿ ಕೋಣೆಯಿಂದ ನಾರಾಯಣ ಹೊರಗೆ ಬಂದ. ಅವನ ಕೈ ಸೊಂಟದ ಮೇಲಿತ್ತು.

“ಕೊಟ್ಬಿಟ್ಟೆ ಕಣಯ್ಯಾ,” ಎಂದ ನಾರಾಯಣ. “ಡಿಸ್ಕ್ ಜಾರಿದೆ ಅಂತ ಡಾಕ್ಟರ್ ಬರ್ದಿದ್ನಲ್ಲ, ಅದೇ ಲೆಟರ್. ಸುಳ್ಳು ಬರೆಯೋಣ ಅಂತಾನೇ ಇದ್ದೆ, ಧೈರ್ಯ ಬರ್ಲಿಲ್ಲ. ಆಗಿದ್ದಾಗ್ಲಿ.”

ಪಾಪ, ಇವನು ಹೋದ, ಎಂದುಕೊಂಡ ಲಕ್ಷ್ಮೀಕಾಂತ. ಅಂಥ ಹೊತ್ತಿನಲ್ಲೂ ಅವನ ಕಣ್ಣು ತೇವವಾಯಿತು.

ಒಳಗೆ ದ್ವಾರಕಾನಾಥ್ ಮೇಜಿನ ಹಿಂದೆ, ಶರ್ಮಿಳಾ ಫೈಲು ಹಿಡಿದು ಪಕ್ಕದಲ್ಲಿ.

“ಬನ್ನಿ ಬನ್ನಿ. ಕೂತ್ಕೊಳ್ಳಿ.”

“ಪರ್ವಾಗಿಲ್ಲ ಸರ್.” ಕೂತರೆ ಏಳುವುದು ಸಾಧ್ಯವಿರಲಿಲ್ಲ.

“ನೋಡಮ್ಮಾ ಶರ್ಮಿಳಾ, ನಿಂತೇ ಇರ್ತಾರಂತೆ. ಶಿಸ್ತು ಅಂದ್ರೆ ಇದು.” ದ್ವಾರಕಾನಾಥ್ ಪತ್ರ ಇಸಿದುಕೊಂಡು ಕನ್ನಡಕ ಏರಿಸಿದರು. ಮೊದಲ ವಾಕ್ಯವನ್ನು ಹಾರಿಸಿ ಎರಡನೆಯದಕ್ಕೆ ಬಂದರು. “ಒಂಬತ್ತು ಸಲ ಬಿದ್ದರು. ಒಂಬತ್ತು ಸಲ ಎದ್ದರು!” ಪತ್ರವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು. “ಎಂಥಾ ಮಾತು ಬರ್ದಿದಾರ್ರೀ ನಿಮ್ಮ ಮೇಷ್ಟ್ರು! ವಿಡಿಯೋನೂ ನೋಡಿದೆ. ಎರಡು ಸಲ ನೋಡಿದೆ. ಈ ಕಂಪನೀಲಿ ಇಂಥವರು ಒಬ್ರಾದ್ರೂ ಇದಾರಾ ಅಂತ ಒಂದು ತಿಂಗಳಿಂದ ಹುಡುಕ್ತಾ ಇದ್ದೆ.”

ಲಕ್ಷ್ಮೀಕಾಂತನ ಎದೆಯ ಮೇಲಿನಿಂದ ಯಾರೋ ಎದ್ದುಹೋದಂತಾಯಿತು. “ಹಾಗಾದ್ರೆ ಸರ್, ನನ್ನ ಕೆಲಸ…”

“ಕೆಲಸಕ್ಕೇನಾಗಿದೆ?”

“ವಯಸ್ಸಾದೋರನ್ನ ತೆಗೀತಾರೆ ಅಂತ…”

“ಯಾರ್ರೀ ಹೇಳಿದ್ದು? ಯಾರನ್ನೂ ತೆಗೆಯಲ್ಲ. ಫಾರಂ ಕೊಟ್ಟಿದ್ದು ಲೋಡ್ವಾರ್‌ಗೆ.”

ಲೋಡ್ವಾರ್ ದೇಶದ ಉತ್ತರದ ತುದಿಯ ಮರುಭೂಮಿಯ ಊರು. ನೈರೋಬಿಯಿಂದ ಹೆಚ್ಚುಕಡಿಮೆ ಏಳುನೂರು ಕಿಲೋಮೀಟರು.

“ಅಲ್ಲಿ ಹೊಸ ಡಿಪೋ ತೆಗೀತಾ ಇದೀವಿ,” ದ್ವಾರಕಾನಾಥ್ ಮುಂದುವರಿಸಿದರು. “ಮೂವತ್ತೇಳು ಡಿಗ್ರಿ ಬಿಸಿಲು. ಬಿಪಿ ಇರೋರನ್ನ, ಶುಗರ್ ಇರೋರನ್ನ ಅಲ್ಲಿಗೆ ಕಳಿಸೋ ಹಾಗಿಲ್ಲ, ಇನ್ಶೂರೆನ್ಸ್‌ನೋರು ಒಪ್ಪಲ್ಲ. ಎಂಟು ಜನದಲ್ಲಿ ಏಳು ಜನಕ್ಕೆ ಒಂದಲ್ಲ ಒಂದು ಕಾಯಿಲೆ. ನಾರಾಯಣಂಗೆ ಡಿಸ್ಕಂತೆ, ಪಾಪ, ಇಲ್ಲೇ ಹೆಂಡ್ತಿ ಮಕ್ಕಳ ಜೊತೆ ಇರ್ಲಿ. ನೀವು ಆಗಸ್ಟ್ ಒಂದಕ್ಕೆ ಹೊರಡಿ. ಎರಡೇ ವರ್ಷ.”

“ಫ್ಯಾಮಿಲಿ, ಸರ್?”

“ಅಲ್ಲಿರೋದು ಒಂದು ರೂಮು. ಫ್ಯಾಮಿಲಿ ಇಲ್ಲೇ ಇರ್ಲಿ, ಫ್ಲ್ಯಾಟು ಕಂಪನೀದೇ ಅಲ್ವಾ? ಮೂರು ತಿಂಗಳಿಗೊಂದ್ಸಲ ಬಂದು ನೋಡ್ಕೊಂಡ್ ಹೋಗಿ.”

ಲಕ್ಷ್ಮೀಕಾಂತ ಮೇಜಿನ ಅಂಚು ಹಿಡಿದುಕೊಂಡ. “ಸರ್, ಕರಾಟೇಲಿ ನಾನಿನ್ನೂ ಹೊಸಬ.”

“ಗೊತ್ತಿರೋರು ಹಾಗೇ ಹೇಳೋದು.”

“ಇಲ್ಲ ಸರ್, ನಿಜ ಹೇಳ್ಬಿಡ್ತೀನಿ. ಆ ಫಾರಂನಲ್ಲಿ ನಾನು…”

“ಫಾರಂ ಇಲ್ಲೇ ಇದೆ ಸರ್,” ಎಂದು ಶರ್ಮಿಳಾ ಅದನ್ನು ಅವನ ಮುಂದೆ ತಿರುಗಿಸಿದಳು. “ಸೈನ್ ಮಾಡಿದೀರಿ, ಡೇಟ್ ಹಾಕೋದು ಮರ್ತಿದೀರಿ. ಇಲ್ಲಿ.”

ಅವಳ ಬೆರಳಿದ್ದದ್ದು ಕೊನೆಯ ಸಾಲಿನ ಕೆಳಗೆ. ಆ ಸಾಲನ್ನು ಅವನು ಈಗ ಓದಿದ. ಮೇಲಿನ ಯಾವುದೇ ಉತ್ತರ ಸುಳ್ಳೆಂದು ಕಂಡುಬಂದಲ್ಲಿ ನೌಕರನನ್ನು ನೋಟಿಸಿಲ್ಲದೆ ಕೆಲಸದಿಂದ ವಜಾ ಮಾಡಲಾಗುವುದು. ಅದರ ಕೆಳಗೆ ಅವನದೇ ಸಹಿ ಇತ್ತು.

ಲಕ್ಷ್ಮೀಕಾಂತ ಪೆನ್ನು ತೆಗೆದುಕೊಂಡು ತಾರೀಖು ಹಾಕಿದ.

“ಏನೋ ಹೇಳ್ತಾ ಇದ್ರಿ?” ಎಂದರು ದ್ವಾರಕಾನಾಥ್.

“ಏನಿಲ್ಲ ಸರ್.”

“ಸರಿ. ಇನ್ನೊಂದು ವಿಷಯ. ಅಲ್ಲಿ ಡಿಪೋ ಕಾಯೋಕೆ ಹನ್ನೆರಡು ಜನ ಅಸ್ಕಾರಿಗಳಿದಾರೆ. ಎಲ್ಲ ಆರಡಿ ಹುಡುಗರು. ಹೊಸ ಮ್ಯಾನೇಜರು ದಿನಾ ಬೆಳಗ್ಗೆ ಆರಕ್ಕೆ ನಿಮಗೆಲ್ಲ ಕರಾಟೆ ಹೇಳ್ಕೊಡ್ತಾರೆ ಅಂತ ಅವ್ರಿಗೆ ಆಗಲೇ ಫೋನ್ ಮಾಡಿ ಹೇಳ್ಬಿಟ್ಟಿದೀನಿ. ತುಂಬಾ ಖುಷಿಯಾಗಿದಾರೆ. ಕಾಯ್ತಾ ಇದಾರೆ.”

ಗೇಟಿನ ಹೊರಗೆ ಲಾರಿಗಳು ಒಂದರ ಹಿಂದೊಂದು ನಿಂತಿದ್ದವು. ಜಿನುಗು ಮಳೆ ಶುರುವಾಗಿತ್ತು. ಟ್ಯಾಕ್ಸಿಗಾಗಿ ಕಾಯುತ್ತ ನಿಂತ ಲಕ್ಷ್ಮೀಕಾಂತನ ಫೋನು ಹೊಡೆದುಕೊಂಡಿತು.

“ರೀ, ಏನಾಯ್ತು? ಕೆಲಸ ಉಳೀತಾ?”

“ಉಳೀತು.”

“ಅಬ್ಬಾ! ನಂಗೆ ಮಧ್ಯಾಹ್ನದಿಂದ ಜೀವವೇ ಇರ್ಲಿಲ್ಲ.” ಶಾಂತಾ ಅತ್ತ ಕಡೆ ತಾಯಿಗೆ ಕೂಗಿ ಹೇಳಿದ್ದು ಕೇಳಿಸಿತು. “ಸಾಕು ಇನ್ನು, ಆ ಹಾಳು ಕರಾಟೆ ಇವತ್ತಿಗೇ ಬಿಟ್ಬಿಡಿ. ಬಿಸಿನೀರು ಕಾಯ್ಸಿಟ್ಟಿದೀನಿ, ಬನ್ನಿ.”

“ಬಿಡೋಕಾಗಲ್ಲ ಶಾಂತಾ.”

“ಯಾಕ್ರೀ? ಇನ್ನೂ ಕಲೀಬೇಕಾ?”

“ಕಲಿಯೋದು ಮುಗೀತು. ಆಗಸ್ಟಿಂದ ಕಲಿಸ್ಬೇಕು.”

“ನೀವಾ? ಎಲ್ಲಿ?”

ಟ್ಯಾಕ್ಸಿ ಬಂತು. ಅವನು ಬಾಗಿಲು ತೆರೆದು, ಮೊದಲು ಎಡಗಾಲನ್ನು, ಆಮೇಲೆ ಕೈಯಿಂದ ಎತ್ತಿ ಬಲಗಾಲನ್ನು ಒಳಗಿಟ್ಟ.

“ಬಂದು ಹೇಳ್ತೀನಿ,” ಎಂದ. “ನಿಹಾರಿಕಾನ ಎಲ್ಲೂ ಹೋಗ್ಬೇಡ ಅನ್ನು. ಇವತ್ತು ಮೂರೂ ಜನ ಒಟ್ಟಿಗೆ ಊಟ ಮಾಡೋಣ.”